ಹುಳದ ಮನೆ, ಚಕ್ರದ ಮನೆ

ಮದುವೆಯಾದ ಹೊಸತರಲ್ಲೇ ನನ್ನ ಹೆಂಡತಿ ನನಗೊಂದು ಕಾನೂನು ಹೇಳಿದಳು. ಡೀಸೆಲ್ ವಾಸನೆ ಹೊತ್ತುಕೊಂಡು ಹುಳದ ಮನೆಗೆ ಕಾಲಿಡಬಾರದು. ನಾನು ಮಳವಳ್ಳಿ, ಮದ್ದೂರು, ಮಂಡ್ಯದ ನಡುವೆ ಸರ್ಕಾರಿ ಬಸ್ಸು ಓಡಿಸುತ್ತಿದ್ದವನು. ನನ್ನ ಬೆವರಿಗೂ ಡೀಸೆಲ್ಲಿನದೇ ವಾಸನೆ. ಅವಳು ನಮ್ಮ ಹಿತ್ತಿಲಿನ ಉದ್ದನೆಯ ಹೆಂಚಿನ ಕೋಣೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದವಳು. ಹುಳಕ್ಕೆ ಬೀಡಿಯ ಹೊಗೆ ಆಗದು, ಹೊಗೆಸೊಪ್ಪು ಆಗದು, ಒಗ್ಗರಣೆಯ ಘಾಟು ಆಗದು. ಗಂಡನಂತೂ ಆಗಲೇ ಆಗದು. ಹುಳ ಹಣ್ಣಾಗಿ ಗೂಡು ಕಟ್ಟುವ ದಿನ ಕೈ ಸಾಲದೆ ಬಂದಾಗ ಮಾತ್ರ ಎರಡು ಸಲ ಸ್ನಾನ ಮಾಡಿಸಿ, ಹುಳ ಗೂಡು ಕಟ್ಟಲು ಬಿಟ್ಟ ಬಿದಿರಿನ ಚಂದ್ರಿಕೆ ತಟ್ಟಿಗಳನ್ನು ಅಂಗಳಕ್ಕೆ ಹೊರಲು ಕರೆಯುತ್ತಿದ್ದಳು. ಹೊತ್ತು ಹಾಕಿದರೆ ನನ್ನ ಕೆಲಸ ಮುಗಿಯಿತು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಮೂವತ್ತಮೂರು ವರ್ಷ ಹೀಗೇ ನಡೆಯಿತು. ಅವಳ ಕೋಣೆ ಅವಳಿಗೆ, ನನ್ನ ಬಸ್ಸು ನನಗೆ. ನಾವಿಬ್ಬರೂ ಜಗಳವಾಡದೆ ಬಾಳಿದ್ದಕ್ಕೆ ಇದೇ ಕಾರಣ ಎಂದು ನಾನು ಡಿಪೋದಲ್ಲಿ ಜಂಬ ಕೊಚ್ಚುತ್ತಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನಿವೃತ್ತಿಯಾದ ಮೇಲೆ ಮೂರು ತಿಂಗಳು ಜಗಲಿಯ ಮೇಲೆ ಕೂತು, ಮನೆ ಮುಂದೆ ಹೋಗುವ ಬಸ್ಸುಗಳನ್ನು ಬೈದೆ. ಗೇರು ಹೇಗೆ ಹಾಕುತ್ತಾನೆ ನೋಡು, ಆ ತಿರುವಿನಲ್ಲಿ ಹಾರ್ನ್ ಮಾಡಬೇಡವೇ, ಕಬ್ಬಿನ ಗಾಡಿಗೆ ಅಷ್ಟು ಹತ್ತಿರ ಹೋಗುತ್ತಾರೆಯೇ ಎಂದು. ಕೇಳುವವರು ಯಾರೂ ಇರಲಿಲ್ಲ. ಒಂದು ದಿನ ಫೋನಿನಲ್ಲಿ ವಿಡಿಯೊ ಒಂದನ್ನು ನೋಡಿದೆ. ಗಂಡ ಹೆಂಡತಿ ವ್ಯಾನಿನಲ್ಲೇ ಮನೆ ಮಾಡಿಕೊಂಡು ಹಿಮ ಬಿದ್ದ ಬೆಟ್ಟದ ಕೆಳಗೆ ಚಹಾ ಕಾಯಿಸುತ್ತಿದ್ದರು. ಇಬ್ಬರಿಗೂ ನನಗಿಂತ ವಯಸ್ಸಾಗಿತ್ತು. ನಾನು ಅದನ್ನು ಏಳೆಂಟು ಸಲ ನೋಡಿದೆ. ಜೀವಮಾನವಿಡೀ ನಾನು ಓಡಿಸಿದ ದಾರಿಯನ್ನೆಲ್ಲ ಒಂದೇ ದಿಕ್ಕಿಗೆ ಓಡಿಸಿದ್ದರೆ ಎಷ್ಟು ದೂರ ಹೋಗಿರುತ್ತಿದ್ದೆ ಎಂಬ ಯೋಚನೆ ಬಂತು. ಅಷ್ಟು ದಾರಿ ಸವೆಸಿಯೂ ಪ್ರತಿದಿನ ಹೊರಟ ಕಡೆಗೇ ಬಂದು ನಿಂತವನು ನಾನು.

ಇಷ್ಟರ ಮೇಲೆ ಇನ್ನೊಂದಿತ್ತು. ಮದುವೆಯಾದಾಗಿನಿಂದ ನಾನೂ ನನ್ನ ಹೆಂಡತಿಯೂ ಜೊತೆಯಾಗಿ ಬೇರೊಂದು ಊರಿನಲ್ಲಿ ಬೆಳಗು ಕಂಡಿರಲಿಲ್ಲ. ಮಂಡ್ಯದಲ್ಲಿರುವ ಮಗಳ ಮನೆಗೆ ಹೋದರೂ ಅವಳು ಸಂಜೆಯ ಬಸ್ಸಿಗೆ ವಾಪಸ್ಸು. ಹುಳಕ್ಕೆ ಸೊಪ್ಪು ಹಾಕಬೇಕು. ವರ್ಷಕ್ಕೆ ಐದಾರು ಬೆಳೆ, ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ತಯಾರಿ. ಹುಳಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ.

ಹಾಗಾಗಿ ಶಾಲೆಯೊಂದು ಮಾರಿದ ಹಳೆಯ ಮಿನಿ ಬಸ್ಸನ್ನು ಕೊಂಡುಕೊಂಡೆ. ಚಳಿಗಾಲಕ್ಕೆ ಉತ್ತರದ ಕಡೆ ಹೊರಟು, ಹಿಮ ನೋಡಿಕೊಂಡು, ಶಿವರಾತ್ರಿಯ ಹೊತ್ತಿಗೆ ಊರು ಸೇರುವುದೆಂದು ನಿಶ್ಚಯ ಮಾಡಿದೆ. ಮಂಡ್ಯದ ಕಚೇರಿಗೆ ನಾಲ್ಕು ಸಲ ಅಲೆದು ಕಾಗದಪತ್ರ ಸರಿ ಮಾಡಿಸಿದೆ. ಸುದ್ದಿ ಮದ್ದೂರಿನಲ್ಲಿರುವ ನನ್ನ ಹಳೆಯ ಕಂಡಕ್ಟರನಿಗೆ ಮುಟ್ಟಿತು. ಹದಿನಾರು ವರ್ಷ ಒಂದೇ ಬಸ್ಸಿನಲ್ಲಿ ಸೀಟಿ ಊದಿದವನು, ಮನೆಗೇ ಬಂದುಬಿಟ್ಟ.

"ಲೇ, ಇರೋ ಮನೇಲಿ ಕೂತ್ಕಳಕ್ಕಾಗ್ದೆ ಮನೆಗೇ ಗಾಲಿ ಆಕುಸ್ತಿದ್ದೀಯಲ್ಲಾ, ನಿಂಗೇನ್ ಬಂದದೆ ಕಣ್ಲಾ?" ಎಂದ.

"ಹಿಮ ನೋಡಬೇಕು" ಎಂದೆ.

"ಇಮ ನೋಡಕ್ಕೆ ಅಷ್ಟ್ ದೂರ ಯಾಕ್ಲಾ? ಫ್ರಿಜ್ ಬಾಗ್ಲು ತೆಗಿ, ಮೇಲ್ಗಡೆ ಅದೆ."

ನಗಾಡಿದ. ಆದರೆ ಹೋಗುವಾಗ ದನಿ ತಗ್ಗಿಸಿ, "ಅಕ್ಕ ಬತ್ತಾರಾ?" ಎಂದು ಕೇಳಿದ. ಅದು ನನಗೇ ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ ಅವಳದು ಒಂದೇ ಮಾತು. "ಈ ಬೆಳೆ ಆಗ್ಲಿ ಬುಡಿ." ಹೂಂ ಅಂದದ್ದೂ ಇಲ್ಲ, ಊಹೂಂ ಅಂದದ್ದೂ ಇಲ್ಲ. ಅವಳು ಬರದಿದ್ದರೆ ಆ ಬಸ್ಸು ನನಗೆ ಬರೀ ತಗಡಿನ ಡಬ್ಬ. ಒಬ್ಬನೇ ಹೋಗಿ ಹಿಮ ನೋಡಿ ಯಾರಿಗೆ ಹೇಳಲಿ? ಇದನ್ನು ಅವಳ ಮುಂದೆ ಹೇಳುವುದಕ್ಕೆ ಮಾತ್ರ ನನಗೆ ಬಾಯಿ ಬರಲಿಲ್ಲ. ಬದಲಿಗೆ ಬಸ್ಸನ್ನು ಚೆಂದ ಮಾಡಲು ಹೊರಟೆ, ಅದನ್ನು ನೋಡಿಯಾದರೂ ಮನಸ್ಸು ಕರಗಲಿ ಎಂದು.

ಗೆಜ್ಜಲಗೆರೆಯ ಕಡೆ ವೆಲ್ಡಿಂಗ್ ಶೆಡ್ ಇಟ್ಟುಕೊಂಡ ಒಬ್ಬ ಮೇಸ್ತ್ರಿ ಇದ್ದಾನೆ. ಕಾರ್ಖಾನೆಯ ಕೆಲಸ ಬಿಟ್ಟು ಸ್ವಂತ ಶೆಡ್ಡು ಹಾಕಿದವನು, ಐವತ್ತು ದಾಟಿದವನು, ನನ್ನಷ್ಟೇ ಮುಂಗೋಪಿ. ಅವನ ಮುಂದೆ ಫೋನಿನ ವಿಡಿಯೊ ಹಿಡಿದೆ. ಪೂರ್ತಿ ನೋಡಿ ಫೋನನ್ನು ನನ್ನ ಕೈಗೆ ವಾಪಸ್ಸು ಕೊಟ್ಟ.

"ಇದ್ರೊಳ್ಗೆ ಮುದ್ದೆ ಎಲ್ಲಿ ತಿರುವ್ತಾರೆ?" ಎಂದ.

ನಾನು ಯೋಚಿಸಿರಲಿಲ್ಲ. ವಿಡಿಯೊದಲ್ಲಿ ಪುಟ್ಟ ಗ್ಯಾಸ್ ಒಲೆ ಇತ್ತು, ಅದರ ಮೇಲೆ ಪುಟ್ಟ ಪಾತ್ರೆ. ಅದರಲ್ಲಿ ರಾಗಿ ಮುದ್ದೆ ತಿರುವಲು ಹೋದರೆ ಒಲೆ, ಪಾತ್ರೆ, ಹಲಗೆ ಎಲ್ಲ ಕಿತ್ತು ಬರುತ್ತದೆ. ಮುದ್ದೆ ತಿರುವುವುದಕ್ಕೆ ಪಾತ್ರೆಯನ್ನು ನೆಲದ ಮೇಲಿಟ್ಟು, ಪಾದದಲ್ಲಿ ಒತ್ತಿ ಹಿಡಿದು, ಎರಡೂ ತೋಳಿನ ಬಲ ಹಾಕಬೇಕು.

"ಮುದ್ದೆ ತಿರುವಕ್ಕಾಗ್ದೆ ಇದ್ರೆ ಅದ್ಯಾವ್ ಸೀಮೆ ಮನೆ ಕಣಣ್ಣ? ಹತ್ತ್ ದಿನಕ್ಕೇ ವಾಪಸ್ ಬತ್ತೀರಿ" ಎಂದವನು, ನೆಲದ ತಗಡಿಗೆ ಒಂದು ದಪ್ಪ ಕಬ್ಬಿಣದ ಬಳೆ ಬೆಸೆದ, ಪಾತ್ರೆಯ ತಳ ಸರಿಯಾಗಿ ಕೂರುವಂತೆ. ಅದನ್ನು ಪರೀಕ್ಷಿಸಲು ತಾನೇ ಹಿಟ್ಟು ತರಿಸಿ, ಮೊಣಕಾಲೂರಿ, ಕೋಲು ಹಿಡಿದು ಮುದ್ದೆ ತಿರುವಿದ. ಬಳೆ ಅಲುಗಲಿಲ್ಲ. ಬಿಸಿ ಮುದ್ದೆಯನ್ನು ಶೆಡ್ಡಿನಲ್ಲೇ ಇಬ್ಬರೂ ಉಪ್ಪುಸಾರಿನಲ್ಲಿ ಉಂಡೆವು. ಇಂಥ ಮನೆಗಾಡಿ ದೇಶದಲ್ಲೇ ಇನ್ನೊಂದು ಇರಲಿಕ್ಕಿಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಹೆಂಡತಿಗೆಂದು ಎಡಗಡೆ ಕಿಟಕಿಯ ಪಕ್ಕ ಒಂದು ಆಸನ ಮಾಡಿಸಿದೆ. ಮೆತ್ತನೆಯ ದಿಂಬು, ಕಾಲಿಡಲು ಹಲಗೆ, ಬಿಸಿಲಿಗೆ ಪರದೆ. ರಾಣಿಯ ಹಾಗೆ ಕೂತು ಬರಲಿ ಎಂದು. ತಂದು ಅಂಗಳದ ಹೊಂಗೆಯ ಮರದ ಕೆಳಗೆ ನಿಲ್ಲಿಸಿದಾಗ ಅವಳು ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದಳು. ಹೊರೆ ಇಳಿಸದೆ ಹೊರಗಿನಿಂದಲೇ ಒಂದು ಸಲ ನೋಡಿದಳು. "ನಾನ್ ಕೂತ್ಕಳಕ್ಕಾ?" ಎಂದು ಕೇಳಿದಳು. ಹೌದೆಂದೆ. "ಚೆಂದಾಗದೆ" ಎಂದು ಹುಳದ ಮನೆಗೆ ಹೋದಳು. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದವನಿಗೆ ಎರಡು ಒಳ್ಳೆಯ ಮಾತು ಬೇಡವೇ ಎಂದು ಮಧ್ಯಾಹ್ನವಿಡೀ ಮುಖ ಊದಿಸಿಕೊಂಡಿದ್ದೆ. ಅವಳು ಅದನ್ನು ಗಮನಿಸಲೂ ಇಲ್ಲ.

ಕಾರ್ತಿಕ ಬಂತು. ನನ್ನ ದಿನಚರಿಗೆ ಒಂದು ಆಕಾರವೂ ಬಂತು. ಬೆಳಗ್ಗೆ ಎದ್ದು ಇಂಜಿನ್ ಚಾಲೂ ಮಾಡಿ ಕಾಲು ಗಂಟೆ ಕೇಳುವುದು, ನೀರಿನ ಟ್ಯಾಂಕು ಸೋರುತ್ತದೆಯೇ ನೋಡುವುದು, ರಾಗಿ ಹಿಟ್ಟು, ಹುಣಸೆ, ಬೆಲ್ಲ, ಮಾತ್ರೆ, ಟಾರ್ಚು ಎಂದು ಪಟ್ಟಿ ಬರೆಯುವುದು, ಬರೆದ ಪಟ್ಟಿಯನ್ನು ಎಲ್ಲೋ ಇಟ್ಟು ಮನೆಯವರಿಗೆಲ್ಲ ಬೈಯುವುದು. ಮನೆಯವರೆಂದರೆ ಅವಳೊಬ್ಬಳೇ. ಕಂಬಳಿಗೆಂದು ಬಂಡೂರಿನವರೆಗೆ ಹೋದೆ. ಅಲ್ಲಿನ ಕುರಿಗಾರನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ ಕುರಿ ತಿನ್ನಕ್ಕೆ ಅಂತ ಎಲ್ಲೆಲ್ಲಿಂದ್ಲೋ ಬತ್ತಾರೆ. ಹೊದ್ಕಳಕ್ಕೆ ಅಂತ ಬಂದೋನು ನೀನೊಬ್ಬನೇ ಕಣಪ್ಪ" ಎಂದ. ಆದರೂ ಮಳವಳ್ಳಿಯ ಸಂತೆಗೆ ಕಂಬಳಿ ತರುವ ನೇಕಾರನೊಬ್ಬನನ್ನು ತೋರಿಸಿಕೊಟ್ಟ. ಕರಿಯ ಒರಟು ಕಂಬಳಿಗಳು, ನಾಲ್ಕು. ಮಗಳು ಸ್ವೆಟರು, ಉಣ್ಣೆಯ ಕಾಲುಚೀಲ ಕಳಿಸಿದಳು.

ಆದರೂ ಚಳಿಯ ಹೆದರಿಕೆ ಹೋಗಲಿಲ್ಲ. ಉತ್ತರದಲ್ಲಿ ನೀರು ಕೊಳವೆಯೊಳಗೇ ಗಟ್ಟಿಯಾಗುತ್ತದಂತೆ. ನಮ್ಮ ಸೀಮೆಯ ಮೈ ಅದನ್ನು ತಡೆಯುತ್ತದೆಯೇ? ಮೇಸ್ತ್ರಿ ಚಾವಣಿಗೆ ಎರಡು ಗಾಳಿಗಿಂಡಿ ಇಟ್ಟಿದ್ದ, ಹಿಂಬದಿಯ ಕಿಟಕಿಗೆ ಒಂದು ಜಾಲರಿ. ಚಳಿ ಒಳಗೆ ಬರಲು ನಾವೇ ದಾರಿ ಮಾಡಿಕೊಡುವುದೇ ಎಂದು ಅವನ್ನೆಲ್ಲ ರಬ್ಬರು ಪಟ್ಟಿ, ಟೇಪು ಹಾಕಿ ಬಿಗಿಯಾಗಿ ಮುಚ್ಚಿದೆ. ಬಾಗಿಲಿನ ಸಂದಿಗೆ ಹಳೆಯ ಪತ್ರಿಕೆ ತುರುಕಿದೆ. ಒಳಗೆ ಕೂತು ಊದುಬತ್ತಿ ಹಚ್ಚಿ ನೋಡಿದೆ. ಹೊಗೆ ನೆಟ್ಟಗೆ ಮೇಲೇರಿತು, ಎಲ್ಲೂ ಅಲ್ಲಾಡಲಿಲ್ಲ. ಭೇಷ್ ಎಂದುಕೊಂಡೆ.

ಇನ್ನು ಬೆಂಕಿ. ಅದಕ್ಕೆ ನಾನು ಎಲ್ಲೂ ಹುಡುಕಬೇಕಾಗಿರಲಿಲ್ಲ. ಚಳಿಗಾಲದ ಹುಳಕ್ಕೆ ಕೋಣೆ ಬೆಚ್ಚಗಿರಬೇಕು. ಅದಕ್ಕಾಗಿ ನಮ್ಮ ಕಡೆ ಹುಳದ ಮನೆಯಲ್ಲಿ ಇದ್ದಿಲ ಒಲೆ ಇಡುತ್ತಾರೆ. ಎಷ್ಟೋ ಚಳಿಗಾಲ ನಾನು ಡ್ಯೂಟಿಗೆ ಹೊರಡುವಾಗ ಅವಳು ಅಂಗಳದಲ್ಲಿ ಕೂತು ಇದ್ದಿಲನ್ನು ನಿಗಿನಿಗಿ ಕೆಂಡ ಮಾಡುವುದನ್ನು ನೋಡಿದ್ದೆ. ಹೊಗೆ ಪೂರಾ ಸತ್ತ ಮೇಲೆ ಅದನ್ನು ಒಳಗೆ ಒಯ್ದು ಬಾಗಿಲು ಎಳೆದುಕೊಳ್ಳುತ್ತಿದ್ದಳು. ಅಷ್ಟೇ ತಾನೇ, ಇದರಲ್ಲಿ ಕಲಿಯುವುದೇನಿದೆ? ಅಟ್ಟದ ಮೇಲಿದ್ದ ಎರಡನೇ ಒಲೆಯನ್ನು ಇಳಿಸಿಕೊಂಡೆ. ಬಾಗಿಲು ಎಳೆದುಕೊಂಡ ಮೇಲೆ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಆ ವಾರ ಬಂಗಾಳಕೊಲ್ಲಿಯ ಕಡೆ ಏನೋ ಎದ್ದು, ನಮ್ಮ ಕಡೆಯೂ ಮೂರು ದಿನ ಬಿಸಿಲು ಕಾಣಲಿಲ್ಲ. ಜಿಟಿಜಿಟಿ ಮಳೆ, ಮೂಳೆಗೆ ಇಳಿಯುವ ಗಾಳಿ. ಎರಡನೆಯ ದಿನ ಮಧ್ಯಾಹ್ನ ಅವಳೇ ಬಂದು ಬಸ್ಸಿನ ಬಾಗಿಲು ಬಡಿದಳು. ಸ್ನಾನ ಮಾಡಿ ಬೇರೆ ಸೀರೆ ಉಟ್ಟಿದ್ದಳು.

"ಉಳ ಜ್ವರಕ್ಕೆ ಓಗವೆ. ನಾಳೆ ಮದ್ಯಾನದ್ ಗಂಟ ಸೊಪ್ಪಿಲ್ಲ. ಏನೋ ತೋರುಸ್ತೀನಿ ಅಂತಿದ್ರಲ್ಲ, ತೋರ್ಸಿ" ಎಂದಳು.

ಹುಳ ಪೊರೆ ಬಿಡುವ ಮೊದಲು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಇರುವುದಕ್ಕೆ ಜ್ವರ ಎನ್ನುತ್ತಾರೆ. ಅದು ಆ ಬೆಳೆಯ ಹುಳದ ನಾಲ್ಕನೆಯ, ಕೊನೆಯ ಜ್ವರ; ಅವಳಿಗೆ ಸಿಗುವ ಬಿಡುವು ಅಷ್ಟೇ. ನಾನು ಸಂಭ್ರಮದಲ್ಲಿ ಏನು ಮಾಡಬೇಕೋ ತೋಚದೆ ಓಡಾಡಿದೆ. ಮೇಸ್ತ್ರಿಯ ಬಳೆಯಲ್ಲಿ ಪಾತ್ರೆ ಕೂರಿಸಿ ನಾನೇ ಮುದ್ದೆ ತಿರುವಿದೆ. ಗಂಟು ಗಂಟಾಯಿತು. ಅವರೆಕಾಳಿನ ಸಾರು ಅವಳದೇ. ಒಲೆಯ ಕೆಂಡ ಜಗಲಿಯ ಮೇಲೇ ಚೆನ್ನಾಗಿ ಕಾದಿತ್ತು, ಎಳ್ಳಷ್ಟೂ ಹೊಗೆ ಇರಲಿಲ್ಲ. ತಂದು ಒಳಗಿಟ್ಟು, ಬಾಗಿಲು ಜಡಿದು, ಅವಳನ್ನು ಅವಳ ಆಸನದಲ್ಲಿ ಕೂರಿಸಿದೆ.

ಹೊರಗೆ ಮಳೆ, ಒಳಗೆ ಬೆಚ್ಚಗೆ. ಇಬ್ಬರೂ ಉಂಡೆವು. ನಾನು ದಾರಿ ವಿವರಿಸತೊಡಗಿದೆ. ಇಲ್ಲಿಂದ ಹೀಗೆ ಹೋಗಿ, ಅಲ್ಲಿ ನರ್ಮದೆ ದಾಟಿ ಎಂದು. ಅವಳು ಹೂಂಗುಟ್ಟುತ್ತಿದ್ದಳು. ಸ್ವಲ್ಪ ಹೊತ್ತಿಗೆ ನನಗೆ ಹಣೆ ಬಿಗಿದ ಹಾಗಾಯಿತು. ಆಕಳಿಕೆ ಬಂತು. ಹೊಟ್ಟೆ ತುಂಬಿದ್ದಕ್ಕೆ ಇರಬೇಕು, ಸಂತೋಷಕ್ಕೆ ಇರಬೇಕು ಎಂದುಕೊಂಡೆ. ಮಾತು ನಾಲಗೆಯಲ್ಲಿ ತಡವರಿಸಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಅಂಥ ನೋಟವನ್ನು ನಾನು ಆ ಮೊದಲು ಕಂಡಿರಲಿಲ್ಲ. ಗಂಡನನ್ನು ನೋಡುವ ನೋಟವಲ್ಲ ಅದು, ತಟ್ಟೆಯಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ಎಂದು ಹುಳವನ್ನು ನೋಡುವ ನೋಟ.

"ಏಳಿ" ಎಂದಳು. ನಾನು ಏಳಲಿಲ್ಲ. ಕಾಲು ನನ್ನದಾಗಿರಲಿಲ್ಲ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಅವಳು ಎದ್ದು, ಮೊಣಕಾಲು ಕುಸಿದು, ಮತ್ತೆ ಎದ್ದಳು. ಮುದ್ದೆ ಕೋಲನ್ನು ಎತ್ತಿಕೊಂಡು ಹಿಂಬದಿಯ ಕಿಟಕಿಯ ಗಾಜಿಗೆ ಬೀಸಿದಳು. ಬಾಗಿಲಿನ ಚಿಲಕ ಹುಡುಕುತ್ತಾ ಕೂರಲಿಲ್ಲ, ಮೊದಲು ಗಾಜು. ಬಳಿಕ ಬಾಗಿಲು. ನನ್ನ ಕಂಕುಳಿಗೆ ಕೈ ಹಾಕಿ ದರದರ ಎಳೆದು ಕೆಸರಿಗೆ ಕೆಡವಿದಳು. ನಾನು ಮಳೆಯಲ್ಲಿ ಬೋರಲು ಬಿದ್ದು ಉಂಡದ್ದನ್ನೆಲ್ಲ ಕಾರಿಕೊಂಡೆ. ಕತ್ತು ಹೊರಳಿಸಿ ನೋಡಿದರೆ, ಅವಳು ಒದ್ದೆ ಗೋಣಿಚೀಲ ಸುತ್ತಿದ ಕೈಯಲ್ಲಿ ಒಲೆಯನ್ನು ಹೊರಗೆ ತಂದು ಮಳೆಗೆ ಇಡುತ್ತಿದ್ದಳು. ಕೆಂಡ ಚುಸ್ಸೆಂದಿತು.

ಗಾಜಿನ ಸದ್ದಿಗೆ ಓಡಿಬಂದ ನೆರೆಯವರು ಸೇರಿಸಿದ ಮಳವಳ್ಳಿಯ ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಇನ್ನೊಂದು ಕಾಲು ಗಂಟೆ ಒಳಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದರು ಡಾಕ್ಟರು. ಹೊಗೆಯೇ ಇಲ್ಲದ ಕೆಂಡವೂ ಮುಚ್ಚಿದ ಜಾಗದಲ್ಲಿ ಕೊಲ್ಲುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ನಿಮ್ಮ ಹೆಂಡತಿಗೆ ಹೇಗೆ ಗೊತ್ತಾಯಿತೋ ಎಂದು ಅವರೇ ಆಶ್ಚರ್ಯಪಟ್ಟರು. ನಾನು ಪಕ್ಕದ ಮಂಚದತ್ತ ತಿರುಗಿ ಅದನ್ನೇ ಕೇಳಿದೆ.

"ನೀವು ಮಾತಾಡ್ತಾ ಮಾತಾಡ್ತಾ ತಲೆ ಅತ್ಲಾಗೆ ಇತ್ಲಾಗೆ ಆಡ್ಸಕ್ಕೆ ಸುರು ಮಾಡುದ್ರಿ" ಎಂದಳು. "ಉಳಾನೂ ಅಂಗೇ ಮಾಡ್ತವೆ. ಅವುಕ್ಕೆ ಬಾಯಿಲ್ವಲ್ಲ ಹೇಳಕ್ಕೆ."

ಆಮೇಲೆ ಅವಳು ನಿಧಾನವಾಗಿ ಹೇಳಿದ್ದು ಇದು. ಮದುವೆಯಾದ ಮೊದಲ ಚಳಿಗಾಲದಲ್ಲಿ ಅವಳೂ ನನ್ನ ಹಾಗೇ ಮಾಡಿದ್ದಳಂತೆ. ಹುಳಕ್ಕೆ ಚಳಿಯಾದೀತೆಂದು ಗವಾಕ್ಷಿಗೆಲ್ಲ ಬಟ್ಟೆ ತುರುಕಿ ಒಲೆ ಇಟ್ಟಳು. ಅರ್ಧ ಬೆಳೆ ಹೋಯಿತು. ನನ್ನ ತಾಯಿ ಊರಿಗೆಲ್ಲ ಕೇಳುವಂತೆ ಬೈದರು; ಬೈಗುಳ ನನಗೂ ನೆನಪಿತ್ತು, ಕಾರಣ ಮಾತ್ರ ನಾನು ಕೇಳಿರಲಿಲ್ಲ. ಆವತ್ತು ಹುಳ ತಲೆ ಆಡಿಸುವುದಕ್ಕೂ ಮೊದಲು ತನ್ನ ಕಣತಲೆ ಹಿಡಿದುಕೊಂಡದ್ದು ಅವಳಿಗೆ ನೆನಪಿತ್ತು. ಅಲ್ಲಿಂದಾಚೆಗೆ ಒಲೆ ಇಟ್ಟಾಗಲೆಲ್ಲ ಅವಳು ಹುಳದ ಜೊತೆ ಒಳಗೇ ಕೂರುತ್ತಿದ್ದಳು. ಕಣತಲೆ ಬಿಗಿಯುವ ಮೊದಲ ಗಳಿಗೆಯಲ್ಲೇ ಕೆಳಗಿನ ಕಿಂಡಿ ಒಂದು, ಮೇಲಿನ ಗವಾಕ್ಷಿ ಒಂದು ತೆರೆಯುವುದು. ಬೆಚ್ಚಗೂ ಇರಬೇಕು, ಗಾಳಿಯೂ ಆಡಬೇಕು. ಅದಕ್ಕೆ ಯಂತ್ರವಿಲ್ಲ. ಇದ್ದ ಯಂತ್ರ ಅವಳ ತಲೆಯೇ.

ನಾನು ಆ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಸೂರು ನೋಡಿದೆ. ಇಷ್ಟು ವರ್ಷ ಚಳಿಗಾಲ ಬಂದಾಗಲೆಲ್ಲ ಒಬ್ಬ ಹೆಂಗಸು ಹುಳ ಉಸಿರಾಡುವ ಗಾಳಿಯನ್ನು ಮೊದಲು ತಾನು ಉಸಿರಾಡಿ ನೋಡಿದ್ದಳು. ನಾನು ಅದೇ ಹಿತ್ತಿಲಿನ ಈಚೆ ಬದಿಯ ಮನೆಯಲ್ಲಿ ಇದ್ದೆ. ನನ್ನ ಬಸ್ಸಿನಲ್ಲಿ ಅರವತ್ತು ಜೀವ ಇರುತ್ತಿದ್ದವು, ಅವರನ್ನು ಕ್ಷೇಮವಾಗಿ ಇಳಿಸಿದೆನೆಂದು ಸರ್ಕಾರ ನನಗೆ ಹಾರ ಹಾಕಿತು. ಅವಳ ತಟ್ಟೆಗಳಲ್ಲಿ ಸಾವಿರಾರು ಜೀವ. ಅವಳಿಗೆ ಯಾರು ಏನು ಹಾಕಿದರು? ನನಗೆ ಅವಳ ಮೇಲೆ ಹುಟ್ಟಿದ ಬೆರಗು ಎಷ್ಟಿತ್ತೆಂದರೆ, ಅವಳ ಕಡೆ ತಿರುಗಿ ನೋಡುವುದಕ್ಕೇ ಸಂಕೋಚವಾಯಿತು.

ಮಾರನೆಯ ದಿನ ಬೆಳಗ್ಗೆ ಮನೆಗೆ ಬಂದ ಮೇಲೆ ನಾನು ಬಸ್ಸಿಗೆ ಟಾರ್ಪಾಲು ಹೊದಿಸಿದೆ. ಕಂಡಕ್ಟರನಿಗೆ ಫೋನು ಮಾಡಿ, ಯಾರಾದರೂ ಕೊಳ್ಳುವವರಿದ್ದರೆ ಹೇಳು ಎಂದೆ. ಅವನು ನಗಲಿಲ್ಲ. "ಗಾಡೀಲಿ ಒಂದ್ ಕೂದ್ಲು ಕೊಂಕ್ದಂಗೆ ಓಡ್ಸ್ದೋನು ನೀನು" ಎಂದಷ್ಟೇ ಹೇಳಿದ. ಅದೇ ನನ್ನನ್ನು ಕೊಲ್ಲುತ್ತಿತ್ತು. ಡ್ಯೂಟಿಯಲ್ಲಿ ಒಂದು ಕೋಳಿಯನ್ನೂ ಕೊಲ್ಲದವನು, ನಿಂತ ಬಸ್ಸಿನಲ್ಲಿ ಹೆಂಡತಿಯನ್ನು ಕೊಲ್ಲಲು ಹೊರಟಿದ್ದೆ. ಹಿಮದ ಮಾತು ಎತ್ತಲು ಮುಖವಿರಲಿಲ್ಲ.

ಜ್ವರ ಬಿಟ್ಟೆದ್ದ ಹುಳಕ್ಕೆ ಹಸಿವು ಜಾಸ್ತಿ. ಅವಳಿಗೆ ಇನ್ನೂ ತಲೆ ಭಾರವಿತ್ತು. ಮೂರನೆಯ ದಿನ ಬೆಳಗ್ಗೆ ಹುಳದ ಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೂಗಿದಳು.

"ಮೈಗೆ ನೀರ್ ಉಯ್ಕಂಡ್ ಬನ್ನಿ. ಸೊಪ್ಪು ಆಕುವ್ರಂತೆ."

ಒಳಗೆ ಹೋದೆ. ಸೋಂಕು ಒಳಗೆ ಬರದಂತೆ ಕಾಲಿಗೆ ಸುಣ್ಣದ ಪುಡಿ ಮೆಟ್ಟಿಸಿದಳು. ಸೊಪ್ಪನ್ನು ಎಸೆಯಬಾರದು, ಇಡಬೇಕು. ಕಡ್ಡಿ ಒಂದಕ್ಕೊಂದು ಅಡ್ಡ ಬರಬೇಕು. ಗೋಡೆಯ ಕಡೆಯ ಹುಳಕ್ಕೆ ಮೊದಲು ಹಾಕಬೇಕು, ಅವು ಯಾವಾಗಲೂ ಹಿಂದೆ ಉಳಿಯುತ್ತವೆ. ಹಾಕಿ ಮುಗಿಸಿ ಆಚೆ ಹೊರಟವನನ್ನು, "ಕೂತ್ಕಳಿ ಒಸಿ" ಎಂದಳು. ಕೂತೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೋಣೆಯ ತುಂಬ ಸದ್ದು ಎದ್ದಿತು. ಜನ ಅದನ್ನು ಮಳೆಯ ಸದ್ದು ಎನ್ನುತ್ತಾರೆ. ನನಗೆ ಹಾಗೆ ಕೇಳಿಸಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಮಾತೆಲ್ಲ ನಿಂತು ಎಲ್ಲರೂ ಉಣ್ಣತೊಡಗಿದಾಗ ಬರುವ ಸದ್ದು ಅದು. ಹಸಿರು ಕಣ್ಣ ಮುಂದೆಯೇ ಇಳಿಯುತ್ತಿತ್ತು. ಎಲೆಯ ಅಂಚಿನಲ್ಲಿ ಸಾಲಾಗಿ ತಲೆಗಳು ಮೇಲಿಂದ ಕೆಳಗೆ, ಮೇಲಿಂದ ಕೆಳಗೆ. ನಮ್ಮ ಹಿತ್ತಿಲಿನಲ್ಲಿ ಇಂಥದ್ದೊಂದು ನಡೆಯುತ್ತಿತ್ತೇ?

ಹುಳ ಹಣ್ಣಾಗುವವರೆಗಿನ ಆ ಎಂಟು ದಿನ ನಾನು ಬೇರೆಲ್ಲೂ ಹೋಗಲಿಲ್ಲ. ಹುಳ ಹಣ್ಣಾದ ದಿನ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದೆ. ಮೈ ಪಾರದರ್ಶಕವಾಗಿ ಹೊಂಬಣ್ಣಕ್ಕೆ ತಿರುಗಿತ್ತು. ಅದು ತಿಂದ ಸೊಪ್ಪೆಲ್ಲ ಒಳಗೆ ನೂಲಾಗಿ ಕಾದಿತ್ತು. ಚಂದ್ರಿಕೆಗೆ ಬಿಟ್ಟ ಮೇಲೆ ಅದು ಬಾಯಿಂದ ಎಳೆ ತೆಗೆದು ತನ್ನ ಸುತ್ತ ತಾನೇ ಮುಸುಕು ಕಟ್ಟಿಕೊಳ್ಳುವುದನ್ನು ಸಂಜೆಯವರೆಗೂ ನೋಡಿದೆ. ಹಿಮಾಲಯ ನೋಡಿದರೂ ಇದಕ್ಕಿಂತ ಹೆಚ್ಚು ಬೆರಗಾಗುತ್ತಿರಲಿಲ್ಲ ಎಂದು ಅವಳಿಗೆ ಹೇಳಿದೆ.

"ಹಂಗಾರೆ ಓಗಲ್ವಾ?" ಎಂದಳು ಅವಳು.

"ಮಾರಿಬಿಡೋಣ ಅಂತಿದ್ದೀನಿ. ನನಗೆ ಧೈರ್ಯವಿಲ್ಲ. ನಿನಗೂ ಅದರಲ್ಲಿ ಬರೋ ಮನಸ್ಸಿರಲಿಲ್ಲವಲ್ಲ."

ಅವಳು ಚಂದ್ರಿಕೆಯಿಂದ ಜಾರಿದ ಹುಳವೊಂದನ್ನು ಎತ್ತಿ ಮತ್ತೆ ಕೂರಿಸಿದಳು. ಕೋಪ ಬಂದಾಗ ಅವಳ ದನಿ ಇನ್ನೂ ತಗ್ಗುತ್ತದೆ.

"ನಾನು ಬರಲ್ಲ ಅಂದ್ನಾ? ದಿಂಬು ಆಕಿ ಸೀಟ್ ಮಾಡ್ಸುದ್ರಿ. ಕಾಲಿಡಕ್ಕೆ ಅಲಗೆ, ಬಿಸ್ಲಿಗೆ ಪರ್ದೆ. ನಂಗೇನ್ ಕೆಲ್ಸ ಅದ್ರಲ್ಲಿ? ಕಣ್ ಬುಟ್ಕಂಡು ಕೂತ್ಕಂಡ್ ಬರಕ್ಕೆ ನಾನೇನ್ ಪ್ಯಾಸೆಂಜರಾ? ಹುಟ್ಟಿದ್ಮ್ಯಾಲೆ ಒಂದಿನ ಕೈ ಕಟ್ಕಂಡ್ ಕೂತಿಲ್ಲ ನಾನು. ಒಂದ್ ಮಾತು ಕೇಳುದ್ರಾ, ಇಲ್ಲಿ ಏನಿಡನ, ಅಲ್ಲಿ ಏನಿಡನ ಅಂತ?"

ನಾನು ಕೇಳಿರಲಿಲ್ಲ. ಗೆಜ್ಜಲಗೆರೆಯ ಮೇಸ್ತ್ರಿಯನ್ನು ಕೇಳಿದ್ದೆ, ಬಂಡೂರಿನ ಕುರಿಗಾರನನ್ನು ಕೇಳಿದ್ದೆ, ಯಾವುದೋ ದೇಶದ ವಿಡಿಯೊವನ್ನೂ ಕೇಳಿದ್ದೆ. ಅವಳನ್ನು ಕೇಳಿದ್ದು ಒಂದೇ, ಬರುತ್ತೀಯಾ ಇಲ್ಲವಾ ಎಂದು. ಸ್ಟಾಪಿನಲ್ಲಿ ನಿಂತವರನ್ನು ಕೇಳುವ ಪ್ರಶ್ನೆ ಅದು.

"ಈಗ ಕೇಳ್ತೀನಿ" ಎಂದೆ.

ಮಾರನೆಯ ದಿನ ಟಾರ್ಪಾಲು ತೆಗೆಸಿದಳು. ನಾನು ಜಡಿದ ಟೇಪು, ರಬ್ಬರು, ಪತ್ರಿಕೆ ಎಲ್ಲವನ್ನೂ ತಾನೇ ಕಿತ್ತಳು. ಕಿತ್ತ ಒಂದೊಂದು ತುಂಡನ್ನೂ ನನ್ನ ಕಾಲ ಬಳಿ ಎಸೆಯುತ್ತಿದ್ದಳು. ಗೆಜ್ಜಲಗೆರೆಗೆ ನನ್ನ ಜೊತೆ ಬಂದು ಮೇಸ್ತ್ರಿಗೆ ಕೈಯಲ್ಲಿ ಅಳತೆ ತೋರಿಸಿ, ನೆಲಕ್ಕೆ ಗೇಣುದ್ದ ಬಿಟ್ಟು ಒಂದು ಕಿಂಡಿ, ಎದುರು ಮೂಲೆಯ ಸೂರಿನಲ್ಲಿ ಒಂದು ಕಿಂಡಿ ಕೊರೆಸಿದಳು. ಎರಡಕ್ಕೂ ಹುಳದ ಮನೆಗೆ ನೊಣ ಬರದಂತೆ ಕಟ್ಟುವ ಬಲೆ ಹಾಕಿದಳು. ಬೆಂಕಿ ಒಳಗೆ ಬರಕೂಡದು, ಮಲಗುವಾಗ ಬಿಸಿನೀರಿನ ಚೀಲ ಮತ್ತು ಕಂಬಳಿ. ಇದು ಅವಳ ಹೊಸ ಕಾನೂನು. ರಾಣಿಯ ಆಸನವನ್ನು ಕೀಳಿಸಿ, ಅಲ್ಲಿ ಒಂದು ಮಣೆ, ಒಂದು ಈಳಿಗೆಮಣೆ, ಹಿಟ್ಟಿನ ಡಬ್ಬ ಜೋಡಿಸಿದಳು. ಮೇಸ್ತ್ರಿ ತಲೆ ಕೆರೆದುಕೊಂಡು ನನ್ನ ಕಿವಿಯಲ್ಲಿ, "ಅಣ್ಣ, ಮೊದ್ಲೇ ಅಮ್ಮನ್ನ ಕರ್ಕಂಬಂದಿದ್ರೆ ನನ್ ಕೆಲ್ಸಾನೂ ಉಳೀತಿತ್ತು" ಎಂದ.

ಇಷ್ಟಾದರೂ ಅವಳು ಬರುತ್ತೇನೆ ಅನ್ನಲಿಲ್ಲ. ನಾನು ಕೇಳಲೂ ಇಲ್ಲ. ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದೆವು. ತಟ್ಟೆಗಳನ್ನು ತೊಳೆದು ಒಣಹಾಕಿ, ಹುಳದ ಮನೆಗೆ ಸುಣ್ಣ ಬಳಿದೆವು. ಪ್ರತಿ ಬೆಳೆಗೂ ಇಷ್ಟೇ. ಇದಾದ ಮೇಲೆ ಮರಿಹುಳ ಕೊಡುವ ಚಾಕಿ ಕೇಂದ್ರದವರು ಫೋನು ಮಾಡುತ್ತಾರೆ, ಎಷ್ಟು ಮೊಟ್ಟೆಯ ಹುಳ ಬೇಕೆಂದು, ಒಂದು ಚಿಟ್ಟೆ ಇಟ್ಟ ಗುಂಪಿಗೆಲ್ಲ ಒಂದು ಮೊಟ್ಟೆ ಎಂಬ ಲೆಕ್ಕದಲ್ಲಿ, ಬರೆದುಕೊಳ್ಳುತ್ತಾರೆ, ಮತ್ತೆ ಮೊದಲಿನಿಂದ ಶುರು.

ಮಾರ್ಗಶಿರದ ಒಂದು ಬೆಳಗ್ಗೆ ಆ ಫೋನು ಬಂತು. ನಾನು ಜಗಲಿಯಲ್ಲಿ ಕೂತು ಟೈರಿಗೆ ಗಾಳಿ ಹಾಕುವ ಪಂಪು ಒರೆಸುತ್ತಿದ್ದೆ. ಅವಳು ಕೈಗೆ ಅಂಟಿದ ಸುಣ್ಣ ಸೆರಗಿಗೆ ಒರೆಸಿ ಫೋನು ಎತ್ತಿಕೊಂಡಳು. ಅತ್ತಲಿನವನ ದನಿ ನನಗೂ ಕೇಳುತ್ತಿತ್ತು. "ಅಕ್ಕಾ, ನೂರ್ ಮೊಟ್ಟೆ ಬರ್ಕಳ್ಲಾ?"

ಪಂಪು ಒರೆಸುತ್ತಿದ್ದ ನನ್ನ ಕೈ ನಿಂತಿತು.

"ಈ ಸಲ ಬ್ಯಾಡ ಕಣಪ್ಪ" ಎಂದಳು. "ನಾವು ಊರಲ್ಲಿರಕಿಲ್ಲ."

ಅವನು ಗಾಬರಿಯಾಗಿ, ಯಾಕೆ, ಏನಾಯಿತು, ಎಷ್ಟು ದಿನ ಎಂದು ಕೇಳಿದ. ಅವಳು ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು.

"ಎಷ್ಟ್ ದಿನ ಅಂತ ಹೇಳ್ಲಿ?"

ನನಗೆ ಎಲ್ಲ ಬಾಯಿಪಾಠ ಬರುತ್ತಿತ್ತು. ಯಾವ ದಿನ ಎಲ್ಲಿ ತಂಗುವುದು, ಎಲ್ಲಿ ಡೀಸೆಲ್ ಹಾಕಿಸುವುದು, ಯಾವ ಘಟ್ಟ ಹಗಲಲ್ಲೇ ಹತ್ತುವುದು. ಒಂದು ಅಕ್ಷರವೂ ಹೊರಡಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅವಳ ಮುಖವೇ ಕಾಣದಾಯಿತು. ಅವಳು ಅಂಗೈ ತೆಗೆದು ಫೋನನ್ನು ಕಿವಿಗೆ ಹಿಡಿದಳು.

"ಇವ್ರಿಗ್ ಗೊತ್ತಿಲ್ವಂತೆ ಕಣಪ್ಪ. ಬಂದ್ಮ್ಯಾಲೆ ನಾನೇ ಫೋನ್ ಮಾಡ್ತೀನಿ, ಬುಡು."